ಡ್ರೈವರ್ ಸಿಕ್ಕಿದ, ಗಾಡಿ ಎಲ್ಲಿ?

"ಟೆನ್ ಜಿ ಹಾಕಿಸ್ತಿದ್ದೀನಿ" ಎಂದ ಗಾದಿಲಿಂಗಪ್ಪ, ಒಗ್ಗರಣೆ ಜೊತೆ ಮಿರ್ಚಿ ಕಡಿಯುತ್ತ. "ಊರಿಗೆಲ್ಲ ಫೈವ್ ಜಿ. ನಮ್ಮ ಶೆಡ್ಡಿಗೆ ಡಬಲ್."

"ಸಾವ್ಕಾರ್ರೇ, ಆ ಜಿ ಬೇರೆ, ಈ ಜಿ ಬೇರೆ. ಫೋನಿನದು ಐದನೇ ತಲೆಮಾರು ಅಂತ. ಇದು ಶೆಡ್ಡಿನ ಕಂಪ್ಯೂಟರುಗಳ ನಡುವಿನ ವೈರು, ಸೆಕೆಂಡಿಗೆ ಹತ್ತು ಗಿಗಾಬಿಟ್" ಎಂದ ವಿರೂಪಾಕ್ಷಿ.

"ಹತ್ತು ಐದಕ್ಕಿಂತ ಜಾಸ್ತಿ ಅಲ್ವಾ?"

ಜಾಸ್ತಿಯೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೆ ಲೆಕ್ಕ ಹೇಳಿಕೊಡೋಕೆ ನಾವ್ಯಾರು?

ಈಗ ಇದೊಂದು ಹುಚ್ಚು. ದೊಡ್ಡ ಕಂಪನಿಗಳು ಕಿತ್ತು ಹಾಕಿದ ಸರ್ವರ್ ನೆಟ್‌ವರ್ಕ್ ಕಾರ್ಡು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವನ್ನು ತಂದು, ಫ್ರೀಬಿಎಸ್‌ಡಿ ಅನ್ನೋ ಬಿಟ್ಟಿ ಆಪರೇಟಿಂಗ್ ಸಿಸ್ಟಂ ಹಾಕಿದ ಹಳೇ ಕಂಪ್ಯೂಟರಿಗೆ ಚುಚ್ಚಿ, ಎರಡು ರಾತ್ರಿ ನಿದ್ದೆಗೆಟ್ಟು, ಮೂರನೇ ದಿನ ಕೆಂಪು ಕಣ್ಣಲ್ಲಿ ಬಂದು "ಲಿಂಕ್ ಬಂತು" ಅನ್ನೋದು. ವಿರೂಪಾಕ್ಷಿ ಈಗ ಎರಡನೇ ದಿನದಲ್ಲಿದ್ದ.

"ಏನು ಅಡ್ಡ ಬಂತು ಅಳಿಯಾ?" ಎಂದ ಹುಸೇನಪ್ಪ.

"ಡ್ರೈವರ್ ಮಾಮಾ. ನಿನ್ನೆಯಿಂದ ಲೋಡ್ ಮಾಡ್ತಾನೇ ಇದ್ದೀನಿ, ಆಗ್ತಾ ಇಲ್ಲ."

"ಡ್ರೈವರ್‌ನ ಯಾಕೆ ಲೋಡ್ ಮಾಡ್ತೀಯ? ಲೋಡ್ ಮಾಡೋದು ಹಮಾಲ್ರು. ಡ್ರೈವರ್ ಬೀಡಿ ಸೇದ್ತಾ ಕೂತಿರ್ತಾನೆ."

ಕಾರ್ಡನ್ನು ನಡೆಸೋ ಸಾಫ್ಟ್‌ವೇರಿಗೂ ಡ್ರೈವರ್ ಅಂತಲೇ ಹೆಸರು. ಇಪ್ಪತ್ತು ವರ್ಷ ಲಾರಿ ಓಡಿಸಿದವನ ಮುಂದೆ ಈ ಮಾತು ಎತ್ತಬಾರದಿತ್ತು.

"ಪರದೆ ಮೇಲೆ ಏನು ಬರ್ತಿದೆ, ಅದನ್ನ ಓದು."

ವಿರೂಪಾಕ್ಷಿ ಓದಿದ. ಮಾಡ್ಯೂಲ್ ಆಗಲೇ ಲೋಡ್ ಆಗಿದೆ, ಇಲ್ಲವೇ ಕರ್ನೆಲ್‌ನಲ್ಲೇ ಇದೆ. ಮಾಡ್ಯೂಲ್ ಅಂದರೆ ಆ ಡ್ರೈವರೇ, ಕರ್ನೆಲ್ ಅಂದರೆ ಸಿಸ್ಟಮ್ಮಿನ ತಿರುಳು. ಓದಿದವನು ಸುಮ್ಮನಾದ. ಆ ಕಾರ್ಡಿನ ಐಎಕ್ಸ್ ಡ್ರೈವರ್ ಫ್ರೀಬಿಎಸ್‌ಡಿಯ ಮಾಮೂಲಿ ಕರ್ನೆಲ್‌ನೊಳಗೇ ಇರುತ್ತದೆ.

"ಅಂದ್ರೆ ಡ್ರೈವರ್ ಮೊದಲೇ ಸೀಟಲ್ಲಿ ಕೂತಿದ್ದಾನೆ" ಎಂದ ಹುಸೇನಪ್ಪ. "ನೀನು ರಾತ್ರಿಯೆಲ್ಲ ಡಾಬಾ ಡಾಬಾ ಹುಡುಕಿದ್ದೀಯ. ಈ ಫ್ರೀ ಅನ್ನೋದು ಯಾವ ಕಾಲದ್ದು?"

"ಮೊದಲು ಬಿಟ್ಟಿದ್ದು 1993ರಲ್ಲಿ."

"ನನ್ನ ಹೆವಿ ಲೈಸೆನ್ಸೂ ಅದೇ ವರ್ಷದ್ದು. ಅದಕ್ಕೇ ಗಟ್ಟಿ ಇದೆ."

ಹಾಗಾದರೆ ತೊಂದರೆ ಎಲ್ಲಿ? ವಿರೂಪಾಕ್ಷಿ ಕಾರ್ಡಿನ ಬಾಯಿಂದ ಒಂದು ತಗಡಿನ ಡಬ್ಬಿ ಎಳೆದು ತೋರಿಸಿದ. ಬೆರಳುದ್ದ, ಮುಂದೆ ಎಳೆಯೋಕೆ ಸಣ್ಣ ಕೊಂಡಿ. ಫೈಬರ್ ವೈರು ಇದಕ್ಕೆ ಸಿಕ್ಕಿಸುತ್ತಾರೆ. ಹೆಸರು ಎಸ್‌ಎಫ್‌ಪಿ ಪ್ಲಸ್. ಹುಸೇನಪ್ಪ ಕೈ ಚಾಚಿದ.

"ಮಾಮಾ! ಎಣ್ಣೆ ಕೈ! ಯಾವುದನ್ನೂ ಮುಟ್ಟಬೇಡ!"

ಹುಸೇನಪ್ಪ ಕೈ ಹಿಂದಕ್ಕೆ ತಗೊಂಡು ಪಂಚೆಗೆ ಒರೆಸಿಕೊಂಡ.

"ಇದು ಬೇರೆ ಕಂಪನಿ ಮಾಲು. ಡ್ರೈವರ್ ಇದರೊಳಗಿನ ಹೆಸರು ಓದಿ, ಅನ್‌ಸಪೋರ್ಟೆಡ್ ಅಂತ ತಳ್ಳಿಬಿಡ್ತಾನೆ."

"ಕೆಲಸ ಬರುತ್ತಾ ಅದಕ್ಕೆ?"

"ಚೆನ್ನಾಗಿ ಬರುತ್ತೆ."

"ಕೆಲಸ ಬಂದ್ರೂ ಹೆಸರು ನೋಡಿ ತಳ್ತಾನೆ! ಇವನು ಡ್ರೈವರ್ ಅಲ್ಲ ಬಿಡು, ಹೆಣ್ಣಿನ ಕಡೆಯವರು."

ಮದ್ದು ಒಂದೇ ಸಾಲು. ಕಂಪ್ಯೂಟರ್ ಶುರುವಾಗುವಾಗ ಓದುವ ಲೋಡರ್ ಡಾಟ್ ಕಾನ್ಫ್ ಫೈಲಿನಲ್ಲಿ ಎಚ್‌ಡಬ್ಲ್ಯು ಡಾಟ್ ಐಎಕ್ಸ್ ಡಾಟ್ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ, ಅದರ ಮುಂದೆ ಸಮ ಚಿಹ್ನೆ ಹಾಕಿ 1. ಕಂಪ್ಯೂಟರ್ ಆಫ್ ಆಗಿ ಆನ್ ಆಯಿತು. ಹಸಿರು ದೀಪ ಬಂತು. ಎರಡು ಕಂಪ್ಯೂಟರ್ ನಡುವೆ ಅಳೆದರೆ 9.4 ಗಿಗಾಬಿಟ್. ಗಾದಿಲಿಂಗಪ್ಪ ಖುಷಿಗೆ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದ.

ಅಲ್ಲಿಗೆ ಬಿಡಬೇಕಿತ್ತು. ಬಿಡುವವನು ವಿರೂಪಾಕ್ಷಿ ಹೇಗಾದಾನು? ಜಂಬೋ ಫ್ರೇಮ್ ಅಂತ ಶುರುಮಾಡಿದ. ಮಾಮೂಲಿ ಪ್ಯಾಕೆಟ್ಟಿಗೆ 1500 ಬೈಟು ಮಿತಿ, ಅದನ್ನು 9000 ಮಾಡೋದು.

"1500 ಪರ್ಮಿಟ್ಟಿಗೆ 9000 ಲೋಡು" ಎಂದ ಹುಸೇನಪ್ಪ, ಕಣ್ಣರಳಿಸಿ. "ಇದು ನಮ್ಮ ಸಬ್ಜೆಕ್ಟು. ದಾರಿಯಲ್ಲಿ ಯಾರೂ ಹಿಡಿಯಲ್ವಾ?"

"ನಡುವೆ ವೈರುಗಳನ್ನ ಕೂಡಿಸೋ ಸ್ವಿಚ್ ಡಬ್ಬಿಯೂ 9000ಕ್ಕೆ ಒಪ್ಪಬೇಕು. ಇಲ್ಲಾಂದ್ರೆ ಹೇಳದೆ ಕೇಳದೆ ಬಿಸಾಡುತ್ತೆ."

"ಹೇಳದೆ ಕೇಳದೆ ಬಿಸಾಡೋ ಚೆಕ್‌ಪೋಸ್ಟ್ ನಾನು ನೋಡಿಲ್ಲಪ್ಪ. ನಮ್ಮ ಕಾಲದಲ್ಲಿ ಕೇಳ್ತಿದ್ರು. ಕೇಳಿದಷ್ಟು ಕೊಡ್ತಿದ್ವಿ."

ವಿರೂಪಾಕ್ಷಿ ಪಿಂಗ್ ಮಾಡಿದ, ಅಂದರೆ ಆಚೆ ಕಂಪ್ಯೂಟರಿಗೆ ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ಅಂತ ನೋಡಿದ. 9000 ದಾಟುತ್ತಾ ಅಂತ ನೋಡೋಕೆ 8972 ಬೈಟು ಕಳಿಸಬೇಕಂತೆ.

"ಉಳಿದ 28 ಯಾರು ತಿಂದ್ರು?"

"ಹೆಡರ್‌ಗೆ, ಅಂದ್ರೆ ಪ್ಯಾಕೆಟ್ಟಿನ ಮೇಲಿನ ವಿಳಾಸದ ಚೀಟಿಗೆ ಹೋಗುತ್ತೆ ಮಾಮಾ. ಐಪಿಗೆ 20, ಐಸಿಎಂಪಿಗೆ 8."

"ಪರವಾಗಿಲ್ಲ. ಯಾರು ಎಷ್ಟು ತಿಂದ್ರು ಅನ್ನೋದಕ್ಕೆ ಲೆಕ್ಕ ಇಟ್ಟಿದ್ದಾರೆ."

ಎಲ್ಲ ಮುಗಿದ ಮೇಲೆ ಗಾದಿಲಿಂಗಪ್ಪ ಪ್ಯಾಟರ್ನ್ ಫೈಲುಗಳ ಫೋಲ್ಡರ್ ಕಾಪಿಗೆ ಹಾಕಿದ. ಸೆಕೆಂಡಿಗೆ 150 ಮೆಗಾಬೈಟು ತೋರಿಸಿತು. ಹತ್ತು ಗಿಗಾಬಿಟ್ ಅಂದರೆ ಲೆಕ್ಕಕ್ಕೆ 1250 ಬರಬೇಕು. ಏನಿಲ್ಲ, ಫೈಲುಗಳು ಇದ್ದದ್ದು ಗಿರಗಿರ ತಿರುಗುವ ಹಳೇ ಹಾರ್ಡ್‌ಡಿಸ್ಕಿನಲ್ಲಿ. ಅದರ ಓಟವೇ ಅಷ್ಟು. ಹೊರಗಿನ ಇಂಟರ್‌ನೆಟ್ಟೋ, 100 ಮೆಗಾಬಿಟ್ಟಿನದು.

"ಗಣಿಯಲ್ಲಿ ಒಬ್ಬನೇ ಅಗೀತಿದ್ದಾನೆ" ಎಂದ ಹುಸೇನಪ್ಪ. "ನೀನು ಗೇಟಿಗೆ ಹತ್ತು ಲಾರಿ ತಂದು ನಿಲ್ಲಿಸಿದ್ದೀಯ."

ಎಲ್ಲರೂ ನಕ್ಕೆವು, ಗಾದಿಲಿಂಗಪ್ಪನನ್ನು ಬಿಟ್ಟು. ನಕ್ಕು ಮುಗಿಯುವ ಹೊತ್ತಿಗೆ ಹುಸೇನಪ್ಪ ಬಾಗಿಲಾಚೆ ನೋಡುತ್ತಿದ್ದ.

"ನಮ್ಮದು ಉಲ್ಟಾ ಆಯ್ತು ನೋಡು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸ್ತು. ಡ್ರೈವರ್ ಇದ್ದ, ರೋಡ್ ಇತ್ತು, ಅದಿರಿಲ್ಲ. ಸಂಡೂರಿಂದ ಬೇಲೇಕೇರಿ ಬಂದರಿಗೆ ಕಣ್ಣು ಮುಚ್ಕೊಂಡು ಹೋಗ್ತಿದ್ದವನು, ಆರು ತಿಂಗಳು ನಿಂತ ಲಾರಿಯಲ್ಲೇ ಮಲಗಿದೆ. ಕಂತು ಕಟ್ಟೋಕೆ ಆಗದೆ ಕೊಟ್ಟುಬಿಟ್ಟೆ."

ಮಿರ್ಚಿ ಆರುತ್ತಿತ್ತು. ಯಾರೂ ಕೈ ಹಾಕಲಿಲ್ಲ.

"ಮಾಮಾ, ನಿನ್ನ ಹಳೇ ಫೋಟೋ ಸ್ಕ್ಯಾನ್ ಮಾಡಿಟ್ಟಿದ್ದೆ ಅಲ್ವಾ, ಆ ಕಂಪ್ಯೂಟರಲ್ಲಿದೆ" ಎಂದು ವಿರೂಪಾಕ್ಷಿ ಒಂದು ಗುಂಡಿ ಒತ್ತಿದ. ಬೆರಳು ಎತ್ತುವ ಮೊದಲೇ ಪರದೆ ತುಂಬ ಲಾರಿ. ಗಾಜಿನ ಮೇಲೆ ಚೆಂಡುಹೂವಿನ ಹಾರ, ಬಂಪರಿಗೆ ನಿಂಬೆಹಣ್ಣು, ಕೆಳಗೆ ಕೆಎ 34. ಪಕ್ಕದಲ್ಲಿ ಮೀಸೆ ಕಪ್ಪಿದ್ದ ಹುಸೇನಪ್ಪ. ನಂಬರ್ ಪ್ಲೇಟಿನ ಅರ್ಧ ಕೆಂಪು ಧೂಳು.

"ಇಷ್ಟು ಬೇಗ ಬಂತಾ!"

"ಟೆನ್ ಜಿ" ಎಂದ ಗಾದಿಲಿಂಗಪ್ಪ, ಇದ್ದ ಮಾನ ಉಳಿಸಿಕೊಳ್ಳಲು. ಮೂರು ಎಂಬಿ ಫೋಟೋ ಹಳೇ ವೈರಿನಲ್ಲೂ ಅಷ್ಟೇ ಬೇಗ ಬರುತ್ತಿತ್ತು ಎಂದು ವಿರೂಪಾಕ್ಷಿ ಹೇಳಲಿಲ್ಲ.

ಹುಸೇನಪ್ಪ ಪರದೆ ಹತ್ತಿರ ಹೋಗಿ ನಂಬರ್ ಪ್ಲೇಟಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದ. ಗಾಜಿನ ಮೇಲೆ ಮಿರ್ಚಿ ಎಣ್ಣೆ ಅಡ್ಡಕ್ಕೆ ಹರಡಿತು. ಇನ್ನೊಂದು ಸಲ ಒರೆಸಿದ. ವಿರೂಪಾಕ್ಷಿ ಬಟ್ಟೆ ಹುಡುಕುವ ನೆವದಲ್ಲಿ ಆಚೆ ಹೋದ.