ಗ್ಲಾಕೋಮಾ ಹನಿ ಔಷಧಿಯ ಪ್ರಶ್ನಾವಳಿ: ‘ತೃಪ್ತಿ’, ‘ಬಿಡು’ – ಈ ಎರಡು ಪದಗಳ ಬಗ್ಗೆ

ದೃಷ್ಟಿನರಕ್ಕೆ ಹಾನಿ ಮಾಡುವ ಕಣ್ಣಿನ ಕಾಯಿಲೆಯಾದ ಗ್ಲಾಕೋಮಾ ಇರುವವರಿಗೆ ತಾವು ದಿನವೂ ಕಣ್ಣಿಗೆ ಹಾಕಿಕೊಳ್ಳುವ ಹನಿ ಔಷಧಿಯ ಬಗ್ಗೆ ಎಷ್ಟು ತೃಪ್ತಿಯಿದೆ ಎಂದು ತಿಳಿಯುವ ಪ್ರಶ್ನಾವಳಿಯೊಂದನ್ನು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರಿಗಾಗಿ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಅದರ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ತೃಪ್ತಿ’. ಇಂಥ ಪ್ರಶ್ನಾವಳಿಗಳಲ್ಲಿ ಔಷಧಿಯ ಗುಣ, ಅಡ್ಡಪರಿಣಾಮ, ಬಳಸುವ ಅನುಕೂಲ ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳುವುದು ರೂಢಿ. ಜ್ವರದ ಮಾತ್ರೆಯಾದರೆ ಗುಣ ಕಂಡಿತೋ ಇಲ್ಲವೋ ಎಂದು ನುಂಗಿದವರೇ ಹೇಳಬಲ್ಲರು. ಗ್ಲಾಕೋಮಾದ ಔಷಧಿಯಾದರೋ ಕಣ್ಣಿನೊಳಗಿನ ಒತ್ತಡವನ್ನು ಇಳಿಸಿ, ದೃಷ್ಟಿನರಕ್ಕೆ ಮುಂದೆ ಆಗಬಹುದಾದ ಹಾನಿಯನ್ನು ತಡೆಯಲು ನೆರವಾಗುತ್ತದೆಯೇ ಹೊರತು ಹೋದ ನೋಟವನ್ನು ಮರಳಿ ತರುವುದಿಲ್ಲ. ಒತ್ತಡ ಪಾದರಸದ 26 ಮಿಲಿಮೀಟರಿನಿಂದ 17ಕ್ಕೆ ಇಳಿದರೂ ರೋಗಿಗೆ ಅದರ ಅರಿವಾಗುವುದಿಲ್ಲ. ಅರಿವಾಗುವುದು ಡಾರ್ಜೋಲಮೈಡ್ ಎಂಬ ಹನಿ ಹಾಕಿದಾಗಿನ ಉರಿ, ಆಮೇಲೆ ಬಾಯಿಗೆ ಬರುವ ಕಹಿ, ಇನ್ನೊಂದು ಹನಿಯಾದ ಲಟಾನೊಪ್ರೋಸ್ಟ್‌ನಿಂದ ಕೆಂಪಾಗುವ ಕಣ್ಣು. ‘ಈ ಔಷಧಿಯಿಂದ ತೃಪ್ತಿ ಇದೆಯೇ?’ ಎಂದು ಕೇಳಿದರೆ ಅನೇಕರು ಕಣ್ಣು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆಯೇ ಎಂಬ ಅರ್ಥದಲ್ಲಿ ಉತ್ತರಿಸುತ್ತಾರೆಂಬ ಆತಂಕ ನನ್ನದು. ‘ಸಮಾಧಾನ’ ಎಂದರೆ ಉರಿ ಶಮನವಾಯಿತೇ ಎಂದು ಕೇಳಿದಂತಾಗುತ್ತದೆ. ‘ಒಗ್ಗಿದೆಯೇ’ ಎಂಬುದು ಸೊಗಸಾದ ಮಾತು, ಆದರೆ ಅದು ಅಡ್ಡಪರಿಣಾಮಕ್ಕಷ್ಟೇ ಸಲ್ಲುತ್ತದೆ. ಒಟ್ಟಾರೆ ಪ್ರಶ್ನೆಗೆ ‘ಇದೇ ಔಷಧಿಯನ್ನು ಮುಂದುವರಿಸಲು ನಿಮಗೆ ಮನಸ್ಸಿದೆಯೇ?’ ಎಂಬ ರೂಪವನ್ನು ನಾನು ಸೂಚಿಸಿದ್ದೇನೆ. ಮನಸ್ಸಿಲ್ಲದಿದ್ದರೂ ವೈದ್ಯರು ಹೇಳಿದರೆಂದು ಮುಂದುವರಿಸುವವರು ಇರುವುದರಿಂದ ‘ಮನಸ್ಸು’ ಎಂಬ ಪದ ಅಲ್ಲಿರಲೇಬೇಕು.

ಎರಡನೆಯದು ಇನ್ನೂ ತೊಡಕಿನದು. ಕಣ್ಣಿಗೆ ಔಷಧಿ ‘ಬಿಡುವುದು’ ಎಂದರೆ ಹನಿ ಹಾಕುವುದು. ಔಷಧಿ ‘ಬಿಡುವುದು’ ಎಂದರೆ ನಿಲ್ಲಿಸುವುದು. ‘ಕಳೆದ ವಾರ ಎಷ್ಟು ದಿನ ಔಷಧಿ ಬಿಟ್ಟಿರಿ?’ ಎಂಬ ಪ್ರಶ್ನೆಗೆ, ಪ್ರತಿ ರಾತ್ರಿಯೂ ಶ್ರದ್ಧೆಯಿಂದ ಹನಿ ಹಾಕಿಕೊಂಡವರೂ ‘7’ ಎನ್ನಬಹುದು, ವಾರವಿಡೀ ಸೀಸೆ ಮುಟ್ಟದವರೂ ‘7’ ಎನ್ನಬಹುದು. ಇದನ್ನು ಬರೆದವರಾಗಲಿ, ತಿದ್ದಿದವರಾಗಲಿ ಗಮನಿಸದೆ ಹೋದರೆ ಅಂಕಿಅಂಶಗಳೆಲ್ಲ ತಲೆಕೆಳಗಾಗುತ್ತವೆ. ಆದ್ದರಿಂದ ಪ್ರಶ್ನಾವಳಿಯ ಉದ್ದಕ್ಕೂ ‘ಹಾಕು’ ಎಂಬುದನ್ನೇ ಬಳಸಿ, ‘ಬಿಡು’ ಎಂಬುದನ್ನು ಪೂರ್ತಿಯಾಗಿ ಕೈಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಕದ ದಿನಗಳನ್ನು ಕೇಳಲು ‘ಮರೆತಿರಾ’ ಸಾಲದು. ಮಳೆಗಾಲದ ಕಕ್ಕಡ ತಿಂಗಳ ಮಳೆಯಲ್ಲಿ ತೋಟದಿಂದ ಪೇಟೆಗೆ ಹೋಗಲಾಗದೆ ಸೀಸೆ ಬರಿದಾದವರು ಮರೆತವರಲ್ಲ. ‘ತಪ್ಪಿಸಿದಿರಾ’ ಎಂದರೆ ಆರೋಪದಂತಿರುತ್ತದೆ. ‘ಎಷ್ಟು ದಿನ ತಪ್ಪಿಹೋಯಿತು?’ ಎಂದರೆ ಹೊಣೆ ಯಾರ ಮೇಲೂ ಬೀಳದೆ, ನಿಜವಾದ ಉತ್ತರ ಬರುವ ಸಾಧ್ಯತೆ ಹೆಚ್ಚು. ಕೇಳುವವರು ಆಸ್ಪತ್ರೆಯ ಸಿಬ್ಬಂದಿಯೇ ಆಗಿರುವಾಗ ಈ ಎಚ್ಚರ ಅಗತ್ಯ.

ನಮ್ಮಲ್ಲಿ ಪ್ರಶ್ನೆಗಳನ್ನು ಓದಿ ಹೇಳುವುದೇ ಹೆಚ್ಚು. ಕೇಳಿಸಿಕೊಳ್ಳುವವರಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ ಆಡುವವರು ಬಹಳ. ಅಂಥವರ ಕಿವಿಗೆ ‘ತಪ್ಪಿಹೋಯಿತು’ ಎಂಬುದು ‘ತಪ್ಪು ಮಾಡಿದಿರಿ’ ಎಂಬಂತೆ ಕೇಳಿಸೀತೇ? ಅರೆಭಾಷೆಯವರು ಕಣ್ಣಿನ ಹನಿಗೆ ಮನೆಮಾತಿನಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ತಿಳಿದವರು ಬಳಕೆಯ ವಾಕ್ಯದೊಡನೆ ತಿಳಿಸಿದರೆ ಪ್ರಶ್ನೆಗಳನ್ನು ಅಂತಿಮಗೊಳಿಸುವ ಮೊದಲೇ ತಿದ್ದಿಕೊಳ್ಳಲು ಅನುಕೂಲವಾಗುತ್ತದೆ.