ಪದಚರ್ಚೆ: ಕೈಪಂಪಿನ 'ಫುಟ್ ವಾಲ್ವ್'ಗೆ ಪದ ಬೇಕು (ತುರ್ತು)

ಗೆಳೆಯರೇ,
ನಮ್ಮೂರಲ್ಲಿ ಕೈಪಂಪಿನ ರಿಪೇರಿಯನ್ನು ಹೆಣ್ಣುಮಕ್ಕಳೇ ಕಲಿಯುತ್ತಿದ್ದಾರೆ. ಪಂಪಿನ ಪಕ್ಕದ ಗೋಡೆಗೆ ಒಂದು ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ.

ಫುಟ್ ವಾಲ್ವ್ ಅಂದರೆ ಪಂಪಿನ ತಳದಲ್ಲಿದ್ದು ನೀರನ್ನು ಮೇಲಕ್ಕೆ ಮಾತ್ರ ಬಿಡುವ ವಾಲ್ವು. ನಮ್ಮ ಪಂಪು ಇಂಡಿಯಾ ಮಾರ್ಕ್ 3 ಅನ್ನುವ ಮಾದರಿ. ಹಳೇ ಮಾರ್ಕ್ 2ರಲ್ಲಿ ಒಂದು ವಾಷರ್ ಬದಲಿಸಲು ಪೈಪನ್ನೆಲ್ಲ ಮೇಲೆತ್ತಬೇಕಿತ್ತು. 30 ಮೀಟರ್ ಇಳಿದಿದ್ದರೆ 3 ಮೀಟರಿನ 10 ಪೈಪು. ಮಾರ್ಕ್ 3ರ ಪೈಪು ಅಗಲ, 65 ಮಿ.ಮೀ. ರಾಡು ಎಳೆದರೆ ಅದರ ತುದಿಯಲ್ಲಿರುವ, ನೀರೆತ್ತುವ ಪಿಸ್ಟನ್ ಪೈಪಿನ ಒಳಗಿಂದಲೇ ಮೇಲೆ ಬರುತ್ತದೆ. ಫುಟ್ ವಾಲ್ವನ್ನೂ ಹಾಗೇ ತೆಗೆಯಬಹುದು.

ಬೋರ್ಡಿನ ಸಾಲು ಇದು: "ಬೆಳಿಗ್ಗೆ ಬಹಳ ಹೊತ್ತು ಹೊಡೆದ ಮೇಲೆ ನೀರು ಬಂದರೆ ______ ಸೋರುತ್ತಿದೆ." ಬಿಟ್ಟ ಜಾಗಕ್ಕೆ ಪದ ಕೊಡಿ. 'ಪಾದ ಕವಾಟ' ಕಲಿಯುವವರಿಗೆ ಹಿಡಿಸಲಿಲ್ಲ.

---

'ಕವಾಟ' ಬೇಡವೇ ಬೇಡ. ನಮ್ಮದೇ 'ಕದ' ಇದೆ, ತಮಿಳಿನಲ್ಲಿ 'ಕದವು'. ಅಡಿ + ಕದ = ಅಡಿಗದ. ಇಂಗ್ಲಿಷಿನ ವಾಲ್ವ್ ಕೂಡ ಲ್ಯಾಟಿನ್ನಿನಲ್ಲಿ ಬಾಗಿಲ ಪಡಿಯೇ. ಅಂದಮೇಲೆ ಅರ್ಥವೂ ಕೂಡಿ ಬಂತು. ನಿಜ ಹೇಳಬೇಕೆಂದರೆ 'ಪಂಪು' ಕೂಡ ನನಗೆ ಒಪ್ಪಿಗೆಯಿಲ್ಲ. ಏತ, ಕಪಿಲೆ ಇದ್ದ ನಾಡು ಇದು.

---

'ಅಡಿತೂಬು' ಅನ್ನಿ. ಕೆರೆಯ ತೂಬು ಯಾವ ನೀರಗಂಟಿಗೆ ಗೊತ್ತಿಲ್ಲ?

---

ತೂಬು ಆಗಲ್ಲ. ತೂಬನ್ನು ನೀರಗಂಟಿ ಎತ್ತಬೇಕು, ಇದು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ ಮೇಲೇರಿದಾಗ ತೆರೆದು ಬೋರಿನ ನೀರನ್ನು ಸಿಲಿಂಡರಿಗೆ (ಪಿಸ್ಟನ್ ಓಡಾಡುವ ಕೊಳವೆಗೆ) ಬಿಡುತ್ತದೆ. ಪಿಸ್ಟನ್ ಇಳಿದಾಗ ಮುಚ್ಚಿ, ಬಂದ ನೀರು ಜಾರದಂತೆ ಹಿಡಿಯುತ್ತದೆ. ರಾತ್ರಿಯಿಡೀ ಪೈಪು ತುಂಬಿರುವುದೂ ಇದರಿಂದಲೇ.

ಏತ, ಕಪಿಲೆ ಇಲ್ಲಿಗೆ ಯಾಕೆ ಬಂದವು? ಏತ ತುಳಿದು ನೀರೆತ್ತುವಂಥದ್ದು, ಕಪಿಲೆ ಎತ್ತು ಕಟ್ಟಿ ಎಳೆಸುವಂಥದ್ದು. ಆ ಹೆಸರನ್ನು ಕೈಪಂಪಿಗೆ ಅಂಟಿಸಿದರೆ ಏತ ಅಂದರೇನು ಅನ್ನುವುದೂ ನಾಳೆಯವರಿಗೆ ಗೊತ್ತಾಗಲ್ಲ. ಇನ್ನು 'ಅಡಿಗದ' ಅಂತ ಬರೆಸಿದರೆ, ಬೋರ್ಡು ನೋಡಿಕೊಂಡು ಅಂಗಡಿಗೆ ಹೋದ ಹೆಣ್ಣುಮಗಳು ಬರಿಗೈಲಿ ವಾಪಸ್ ಬರಬೇಕು. ಅಲ್ಲಿ ಕೆಟ್ಟಿರುವುದು ಕುಡಿಯುವ ನೀರಿನ ಪಂಪು ಸ್ವಾಮಿ. ಚಾವಿ ಪೋರ್ಚುಗೀಸರಿಂದ ಬಂತು. ಅದರಿಂದ ಕನ್ನಡ ಕೆಟ್ಟಿತಾ?

---

ಚಾವಿ ಬಂದು ಎಷ್ಟೋ ಮನೆಗಳಲ್ಲಿ 'ಬೀಗದಕೈ' ಹೋಯಿತು. ನನ್ನ ಸಂಕಟ ಅದೇ. ಪದ ಕಟ್ಟುವುದನ್ನೇ ಬಿಟ್ಟರೆ ಮುಂದೆ ಕಟ್ಟಲು ಬರುವುದೂ ಇಲ್ಲ. ಅಂಗಡಿಯವರೂ ಕಲಿಯಲಿ.

---

ಕಲಿಯುವ ತನಕ ಊರವರು ನೀರಿಲ್ಲದೆ ಕೂರಬೇಕಾ? ನನ್ನ ಮಾತು ಮುಗಿಯಿತು.

---

ಎಲ್ಲರಿಗೂ ಧನ್ಯವಾದ. ಸಂಜೆ ಕಲಿಯುವವರನ್ನೇ ಕೇಳಿದೆ. ಅವರು ಆಗಲೇ 'ಕೆಳಗಿನ ವಾಲು' ಅನ್ನುತ್ತಿದ್ದಾರೆ. ಪಿಸ್ಟನ್ನಿನಲ್ಲೂ ಒಂದು ವಾಲ್ವು ಇದೆಯಲ್ವಾ, ಅದು 'ಮೇಲಿನ ವಾಲು'. ಎರಡನ್ನೂ ಬೇರೆ ಮಾಡಿ ಹೇಳಬೇಕಾದದ್ದು ಮುಖ್ಯ. ನಾನು ಕೇಳಿದ 'ಫುಟ್' ಅದನ್ನು ಹೇಳುವುದಿಲ್ಲ, 'ಅಡಿಗದ' ಹೇಳಿದರೂ ಯಾರಿಗೂ ತಿಳಿಯುವುದಿಲ್ಲ. ಬೋರ್ಡಿಗೆ 'ಕೆಳಗಿನ ವಾಲ್ವು' ಬರೆಸುತ್ತೇನೆ.

ಇನ್ನೊಂದು ಪದ ಬಾಕಿ ಇದೆ. ಪಿಸ್ಟನ್ನಿನ ಕಪ್ ವಾಷರ್ (ಪಿಸ್ಟನ್ನಿನ ಅಂಚಿನಲ್ಲಿ ನೀರು ಸೋರದಂತೆ ತಡೆಯುವ ಬಟ್ಟಲಿನಾಕಾರದ ಬಿಲ್ಲೆ) ಮೊದಲು ಚರ್ಮದ್ದಿತ್ತು, ಈಗ ನೈಟ್ರೈಲ್ ರಬ್ಬರಿನದು. ಬೇಗ ಸವೆಯುವುದು ಅದೇ, ಹಾಗಾಗಿ ಬೋರ್ಡಿನಲ್ಲಿ ಇರಲೇಬೇಕು. 'ಬಟ್ಟಲು ವಾಷರ್' ಅಂತ ಬರೆದರೆ ಆಗುತ್ತಾ? ರಾತ್ರಿಯೊಳಗೆ ಹೇಳಿ.