ಚಿಕ್ಕಪ್ಪನ ಸೂಪರ್ 8 ರೀಲಿನಲ್ಲಿ ಹಳೆ ಶಿವಮೊಗ್ಗ: ಈ ಬೀದಿ ಯಾವುದು ಹೇಳ್ತೀರಾ?

ವಿನೋಬನಗರದವನು:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನಿಗೆ ಕ್ಯಾಮೆರಾ ಹುಚ್ಚು ಇತ್ತು. ಭದ್ರಾವತಿಯಲ್ಲಿ ಕೆಲಸ, ಸಂಬಳ ಅಷ್ಟಕ್ಕಷ್ಟೇ, ಆದರೂ ಯಾರಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಸೂಪರ್ 8 ಕ್ಯಾಮೆರಾ, ಅಂದರೆ ಮನೆಯವರು ಸಣ್ಣ ಫಿಲ್ಮಿನಲ್ಲಿ ಸಿನಿಮಾ ತೆಗೆಯುವಂಥದ್ದು, ಕೊಂಡಿದ್ದರು. ಅವರು ಹೋದ ಮೇಲೆ ಬೀರುವಿನಲ್ಲಿದ್ದ ರೀಲುಗಳನ್ನೆಲ್ಲ ಚಿಕ್ಕಮ್ಮ ನನಗೆ ಕೊಟ್ಟರು. ಒಂದು ಸ್ಟುಡಿಯೋದಲ್ಲಿ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದ್ದೇನೆ. ಶಬ್ದ ಇಲ್ಲ. ಒಂದೊಂದು ರೀಲು ಮೂರು ನಿಮಿಷ ಚಿಲ್ಲರೆ ಓಡುತ್ತದೆ.

ಒಂದರಲ್ಲಿ ಜೋಗ ಇದೆ. ಇನ್ನೊಂದರಲ್ಲಿ ಹೊಳೆ ತುಂಬಿ ಹರಿಯುತ್ತಿದೆ, ನೀರಿನ ನಡುವೆ ಒಂದು ಕಲ್ಲು ಮಂಟಪದ ತಲೆ ಮಾತ್ರ ಕಾಣುತ್ತದೆ, ದಡದಲ್ಲಿ ಕೊಡೆ ಹಿಡಿದ ಜನ. ಮೂರನೆಯದು ಒಂದು ಬೀದಿ. ಎರಡೂ ಕಡೆ ಹಂಚಿನ ಮಾಡಿನ ಅಂಗಡಿಗಳು, ಒಂದು ಜಟಕಾ ನಿಂತಿದೆ, ಕುದುರೆ ಬಾಯಿಗೆ ಹುಲ್ಲಿನ ಚೀಲ ಕಟ್ಟಿದ್ದಾರೆ. ನಮ್ಮ ಸೋದರತ್ತೆ ಹಸಿರು ಸೀರೆ ಉಟ್ಟು, ನಾಚಿಕೊಂಡು, ಕ್ಯಾಮೆರಾ ಕಡೆಗೆ ನಡೆದು ಬರುತ್ತಾರೆ. ಅವರ ಹಿಂದೆ ಒಬ್ಬ ಹುಡುಗ ಸೈಕಲ್ ಟೈರನ್ನು ಕೋಲಿನಿಂದ ಹೊಡೆಯುತ್ತಾ ಅಡ್ಡ ಹೋಗುತ್ತಾನೆ, ಜಗಲಿ ಮೇಲೆ ಕೂತ ಅಜ್ಜ ಒಬ್ಬರು ಬೀಡಿ ಹಚ್ಚುತ್ತಾರೆ.

ಚಿಕ್ಕಪ್ಪ ತೆಗೆದದ್ದು ಅತ್ತೆಯನ್ನು. ನನ್ನ ಕಣ್ಣು ಮಾತ್ರ ಹಿಂದೆ ಇರುವ ಅಂಗಡಿಗಳ ಮೇಲೇ ನಿಲ್ಲುತ್ತದೆ. ನಾನು ಹುಟ್ಟುವ ಮೊದಲಿನ ಶಿವಮೊಗ್ಗ ಅದು. ನೋಡೇ ಇಲ್ಲದ ಊರಿಗೆ ಇಷ್ಟು ಹೊಟ್ಟೆ ಕಿವುಚುವುದು ಯಾಕೆ ಅಂತ ಗೊತ್ತಾಗುತ್ತಿಲ್ಲ. ನಿಮಗೂ ಹೀಗೆ ಆಗಿದೆಯಾ? ಮಂಟಪ ಯಾವುದು, ಬೀದಿ ಯಾವುದು, ಯಾವ ವರ್ಷ ಇರಬಹುದು? ರೀಲುಗಳನ್ನು ಇನ್ನು ಮುಂದೆ ಹೇಗೆ ಇಡಬೇಕು, ಅದನ್ನೂ ಹೇಳಿ.

ದುರ್ಗಿಗುಡಿ ಮೇಷ್ಟ್ರು:

ಮಂಟಪದ ಬಗ್ಗೆ ಅನುಮಾನವೇ ಬೇಡ. ಕೋರ್ಪಲಯ್ಯನ ಛತ್ರದ ಹತ್ತಿರ, ಹೊಳೆಯೊಳಗೆ ಇರುವ ಮಂಟಪ ಅದು. ಶಿವಮೊಗ್ಗದವರಿಗೆ ಮಳೆಗಾಲದ ಅಳತೆಗೋಲು ಅದೇ. ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ. ಗಾಜನೂರು ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಪೇಪರಿನವರು ಬರೆಯಲಿ, ನಾವು ಸೇತುವೆ ಮೇಲೆ ಹೋಗಿ ಮಂಟಪ ನೋಡಿಯೇ ನಂಬುವುದು. ಈಗಲೂ ಜುಲೈ ಬಂದರೆ ಜನ ಮೊಬೈಲ್ ಹಿಡಿದು ಅಲ್ಲೇ ನಿಲ್ಲುತ್ತಾರೆ. ಈ ಒಂದು ಅಭ್ಯಾಸ ಮಾತ್ರ ನಿಮ್ಮ ರೀಲಿನ ಕಾಲದಿಂದ ಇವತ್ತಿನವರೆಗೆ ಹಾಗೇ ಉಳಿದಿದೆ ನೋಡಿ.

ವರ್ಷಕ್ಕೆ ಬಂದರೆ, ಸೂಪರ್ 8 ಬಂದದ್ದೇ 1965ರಲ್ಲಿ. ಹಾಗಾಗಿ ಅದಕ್ಕಿಂತ ಹಳೆಯದಲ್ಲ. ಬೀದಿಯಲ್ಲಿ ಸರ್ಕಾರಿ ಬೋರ್ಡು ಏನಾದರೂ ಇದ್ದರೆ ವಿಡಿಯೋ ನಿಲ್ಲಿಸಿ ಓದಿ. ಮೈಸೂರು ಸರ್ಕಾರ ಅಂತ ಇದ್ದರೆ 1973ರ ನವೆಂಬರಿಗಿಂತ ಮುಂಚಿನದು ಇರಬಹುದು, ಕರ್ನಾಟಕ ಅಂತ ಇದ್ದರೆ ಖಂಡಿತ ಆಮೇಲಿನದು. ಸಿನಿಮಾ ಪೋಸ್ಟರ್ ಸಿಕ್ಕರೆ ಇನ್ನೂ ಸುಲಭ. ಆದರೆ ನಮ್ಮ ಕಡೆ ಹೊಸ ಸಿನಿಮಾ ಬೆಂಗಳೂರಿಗಿಂತ ತಡವಾಗಿ ಬರುತ್ತಿತ್ತು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಬೀದಿ ನೋಡದೆ ಹೇಳುವುದು ಕಷ್ಟ. ಗಾಂಧಿ ಬಜಾರ್, ಕೋಟೆ ರಸ್ತೆ, ದುರ್ಗಿಗುಡಿ, ಎಲ್ಲ ಕಡೆಯೂ ಹಂಚಿನ ಮಾಡೇ ಇತ್ತು. ಸ್ಟಿಲ್ ತೆಗೆದು ಇಲ್ಲಿ ಹಾಕಿ.

ರೀಲು ಕೆಲಸದವನು:

ನಾನು ಹಳೆ ಫಿಲ್ಮ್ ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ನೋಡಿ. ಅಂಗಡಿ ಬೋರ್ಡಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇವೆಯಾ? ಫಿಲ್ಮನ್ನು ಮಗ್ಗುಲು ತಪ್ಪಿಸಿ ಹಾಕಿದರೆ ಎಡದ್ದು ಬಲಕ್ಕೆ ಬರುತ್ತದೆ. ಮನೆಯವರ ಮುಖ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಊರು ಗುರುತಿಸಲು ಹೊರಟರೆ ಮಾತ್ರ ಎಲ್ಲಾ ತಪ್ಪುತ್ತದೆ, ತಿರುವು ಉಲ್ಟಾ, ಹೊಳೆ ಹರಿಯುವ ದಿಕ್ಕೂ ಉಲ್ಟಾ.

ಎರಡನೆಯದು, ಜನ ಓಡುವ ಹಾಗೆ ನಡೆಯುತ್ತಿದ್ದಾರಾ? ಮನೆಯವರು ತೆಗೆದ ಸೂಪರ್ 8 ಸಾಮಾನ್ಯವಾಗಿ ಸೆಕೆಂಡಿಗೆ 18 ಫ್ರೇಮು, ಅಂದರೆ 18 ಚಿತ್ರ. 50 ಅಡಿಯ ರೀಲು ಆ ಲೆಕ್ಕದಲ್ಲಿ 3 ನಿಮಿಷ 20 ಸೆಕೆಂಡ್ ಬರಬೇಕು. ಎರಡೂವರೆ ನಿಮಿಷಕ್ಕೇ ಮುಗಿದರೆ 24 ಫ್ರೇಮಿಗೆ ಓಡಿಸಿದ್ದಾರೆ ಅಂತ ಅರ್ಥ. ಹಳೆ ಕಾಲದವರು ಅಂದರೆ ಪಟಪಟ ನಡೆಯುವವರು ಅಂತ ನಮ್ಮ ತಲೆಯಲ್ಲಿ ಕೂತಿದೆಯಲ್ಲ, ಅದು ಎಷ್ಟೋ ಸಲ ಈ ಫ್ರೇಮಿನ ಕೆಲಸ. ನಿಮ್ಮದು ಮೂರು ನಿಮಿಷ ಚಿಲ್ಲರೆ ಇರುವುದರಿಂದ ಸರಿಯಾಗಿಯೇ ಇರಬೇಕು.

ಇನ್ನು ರೀಲು ಇಡುವುದು. ದಯವಿಟ್ಟು ಹಳೆ ಪ್ರೊಜೆಕ್ಟರ್ ಹುಡುಕಿ ಓಡಿಸಬೇಡಿ. ಹಳೆ ಫಿಲ್ಮು ಕುಗ್ಗಿರುತ್ತದೆ, ಹಲ್ಲಿಗೆ ಸಿಕ್ಕಿ ಹರಿಯುತ್ತದೆ, ನಿಂತರೆ ದೀಪದ ಬಿಸಿಗೆ ಸುಡುತ್ತದೆ. ಮಲೆನಾಡಿನಲ್ಲಿ ದೊಡ್ಡ ಶತ್ರು ತಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೇ ಬೂಷ್ಟು ಹಿಡಿಯುವ ಊರು, ಫಿಲ್ಮಿಗೆ ಹಿಡಿಯದೇ ಇರುತ್ತಾ? ಅಟ್ಟದ ಮೇಲೆ ಬೇಡ, ಬಚ್ಚಲು ಒಲೆಯ ಗೋಡೆಗೆ ತಾಗಿದ ಬೀರುವೂ ಬೇಡ. ಮನೆಯಲ್ಲಿ ಅತಿ ತಂಪಾದ, ಒಣಗಿದ ಕೋಣೆ ನೋಡಿ ಇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ರೀಲನ್ನು ಕೂಡಲೇ ಬೇರೆ ಇಡಿ. ಫಿಲ್ಮಿನ ಪಟ್ಟಿ ಮಾಡಿರುವ ಅಸಿಟೇಟ್ ಕೊಳೆಯುವಾಗ ಬರುವ ವಾಸನೆ ಅದು, ಪಕ್ಕದ ರೀಲುಗಳನ್ನೂ ಹಾಳು ಮಾಡುತ್ತದೆ. ಸ್ಕ್ಯಾನ್ ಆಯಿತು ಅಂತ ಮೂಲ ರೀಲು ಬಿಸಾಡುವವರನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ಮುಂದೆ ಇನ್ನೂ ಒಳ್ಳೆ ಸ್ಕ್ಯಾನರ್ ಬರುತ್ತದೆ, ರೀಲು ಇದ್ದರೆ ಮತ್ತೆ ತೆಗೆಸಬಹುದು. ಬಿಸಾಡಬೇಡಿ.

ಸಾಗರದವಳು:

ನೋಡದ ಊರಿಗೆ ಹೊಟ್ಟೆ ಕಿವುಚುತ್ತದೆ ಅಂದಿರಲ್ಲ, ಆ ಮಾತಿಗೆ ಬರೆಯುತ್ತಿದ್ದೇನೆ. ನಮ್ಮದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಶರಾವತಿ ಹಿನ್ನೀರಿಗೆ ಹೋಯಿತು. ಒಂದೇ ಒಂದು ಫೋಟೋ ಇಲ್ಲ, ರೀಲಿನ ಮಾತು ದೂರ ಉಳಿಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಹಳೆಯ ಹಿರೇಭಾಸ್ಕರ ಅಣೆಕಟ್ಟು, ನಾವು ಮಡೆನೂರು ಡ್ಯಾಮ್ ಅನ್ನುವುದು, ಮೇಲೆ ಕಾಣುತ್ತದೆ. ಎಲ್ಲರೂ ಅದರ ವಿಡಿಯೋ ಮಾಡಲು ಹೋಗುತ್ತಾರೆ. ನಮ್ಮ ಅಪ್ಪ ಅದನ್ನು ನೋಡುವುದಿಲ್ಲ. ಕೆಸರಿನಲ್ಲಿ ಎಲ್ಲಿ ಯಾರ ಮನೆ ಇತ್ತು ಅಂತ ಹುಡುಕುತ್ತಾರೆ.

ಅದಕ್ಕೇ ಹಳೆ ರೀಲು ನೋಡಿ ಆ ಕಾಲವೇ ಚೆನ್ನಾಗಿತ್ತು ಅಂದರೆ ನಾನು ಒಪ್ಪುವುದಿಲ್ಲ. ಕ್ಯಾಮೆರಾ ಇದ್ದವರು ಎಷ್ಟು ಜನ? ಅವರು ಮದುವೆ, ಜಾತ್ರೆ, ಜೋಗ ತೆಗೆದರು. ಮಳೆಗೆ ಗೊರಬು ಹಾಕಿಕೊಂಡು ದಿನವಿಡೀ ಬಗ್ಗಿ ನಾಟಿ ಮಾಡಿದವರನ್ನು, ಸಾಮಾನು ಗಾಡಿಗೆ ಹೇರಿ ಊರು ಬಿಟ್ಟವರನ್ನು ಯಾರು ತೆಗೆದರು? ಆಗ ಜೊತೆಗೆ ಬಂದ ಎಷ್ಟೋ ಮನೆಯವರಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ಅದೂ ಮಲೆನಾಡಿನ ಹಳೆ ಕಥೆಯೇ ಅಲ್ವಾ?

ಹಾಗಂತ ರೀಲು ಬೇಡ ಅನ್ನುತ್ತಿಲ್ಲ, ಇನ್ನೂ ಜಾಸ್ತಿ ಬೇಕು. ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚನ್ನು ನಾನು ಮೊಬೈಲಿನಲ್ಲಿ ತೆಗೆದಿಟ್ಟಿದ್ದೇನೆ. ಬಸ್ಸು ಹತ್ತುವುದು, ಜನ ಕಂಬಿ ಹಿಡಿದು ನಿಲ್ಲುವುದು, ಆಚೆ ದಡದಲ್ಲಿ ಇಳಿಯುವ ಗಡಿಬಿಡಿ, ಎಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಸೇತುವೆ ಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಆ ದ್ವೀಪದವರ ಕಷ್ಟ ಏನು ಅಂತ ಅಲ್ಲಿದ್ದವರಿಗೇ ಗೊತ್ತು. ಸೇತುವೆ ಬಂದದ್ದಕ್ಕೆ ಖುಷಿ, ಲಾಂಚ್ ತೆಗೆದಿಟ್ಟದ್ದಕ್ಕೂ ಖುಷಿ.

ದುರ್ಗಿಗುಡಿ ಮೇಷ್ಟ್ರು:

ತಂಗಿ, ನೀವು ಹೇಳಿದ್ದು ಸರಿ. ನಾನೂ ಆ ಕಾಲ ವಾಪಸ್ ಬರಲಿ ಅನ್ನುವವನಲ್ಲ. ನನಗೆ ಕಾಡುವುದು ಬೇರೆ. ತಾಳಗುಪ್ಪಕ್ಕೆ ಮೀಟರ್ ಗೇಜಿನಲ್ಲಿ ರೈಲ್‌ಬಸ್ಸು ಓಡುತ್ತಿತ್ತು, ಬಸ್ಸಿನಂಥದ್ದೇ ಡಬ್ಬಿ, ಹಳಿ ಮೇಲೆ. ಈಗ ಬ್ರಾಡ್ ಗೇಜ್ ಬಂದು ಬೆಂಗಳೂರಿನಿಂದ ನೇರ ರೈಲು ಇದೆ, ಸೋಗಾನೆಯಲ್ಲಿ 2023ರಿಂದ ವಿಮಾನವೂ ಇಳಿಯುತ್ತದೆ. ಒಳ್ಳೆಯದೇ. ಆದರೆ ರೈಲ್‌ಬಸ್ಸು ಹೊರಡುವಾಗ ಎಂಥ ಶಬ್ದ ಬರುತ್ತಿತ್ತು ಅಂತ ಮೊಮ್ಮಗ ಕೇಳಿದರೆ ಬಾಯಲ್ಲಿ ಮಾಡಿ ತೋರಿಸಬೇಕು, ಅಷ್ಟೇ.

ವಿನೋಬನಗರದವರೇ, ನಿಮ್ಮ ರೀಲಿಗೆ ಶಬ್ದ ಇಲ್ಲ. ಚಿಕ್ಕಮ್ಮ ಇದ್ದಾರೆ. ಅವರನ್ನು ಕೂರಿಸಿ, ವಿಡಿಯೋ ಹಾಕಿ, ಪಕ್ಕದಲ್ಲಿ ಮೊಬೈಲ್ ರೆಕಾರ್ಡರ್ ಆನ್ ಮಾಡಿಡಿ. ಪ್ರಶ್ನೆ ಜಾಸ್ತಿ ಕೇಳಬೇಡಿ, ಅವರು ಏನು ಹೇಳುತ್ತಾರೋ ಹೇಳಲಿ. ಸ್ಕ್ಯಾನ್ ಮುಂದಿನ ವರ್ಷವೂ ಮಾಡಿಸಬಹುದು, ಇದನ್ನು ಮುಂದೂಡಬೇಡಿ. ನನ್ನ ಜೊತೆ ಓದಿದವರಲ್ಲಿ ಆ ಅಂಗಡಿಗಳ ಹೆಸರು ಹೇಳಬಲ್ಲವರು ಈಗ ಬೆರಳೆಣಿಕೆ.

ವಿನೋಬನಗರದವನು:

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ದೊಡ್ಡದು ಮಾಡಿ ನೋಡಿದೆ, ಅಕ್ಷರ ಉಲ್ಟಾನೇ ಇವೆ! ತಿರುಗಿಸಿ ಹಾಕಿದ ಮೇಲೆ ಬೀದಿಯೇ ಬೇರೆ ಥರ ಕಂಡಿತು.

ಮೇಷ್ಟ್ರು ಹೇಳಿದ ಹಾಗೆ ಚಿಕ್ಕಮ್ಮನ ಜೊತೆ ಕೂತೆ. ಅವರು ಅಂಗಡಿ ನೋಡಲೇ ಇಲ್ಲ, ಸೀರೆ ನೋಡಿದರು. ಅದು ಅತ್ತೆಯ ಮದುವೆಗೆ ಜವಳಿ ತೆಗೆಯಲು ಹೋದ ದಿನವಂತೆ, ಬೀದಿ ಗಾಂಧಿ ಬಜಾರಂತೆ, ಜಟಕಾ ಇವರು ಬಂದದ್ದೇ ಅಂತೆ. ಬಸ್ ಸ್ಟ್ಯಾಂಡಿನಿಂದ ಎಷ್ಟು ಚೌಕಾಸಿ ಮಾಡಿ ಬಂದರು, ಯಾವ ಅಂಗಡಿಯವನು ಸಾಲ ಕೊಟ್ಟ, ಯಾವನು ಕೊಡಲಿಲ್ಲ, ಎಲ್ಲ ಬಂತು. ಮೂರು ನಿಮಿಷದ ರೀಲಿಗೆ ಇಡೀ ಮಧ್ಯಾಹ್ನ ಮಾತಾಡಿದರು. ಬೀಡಿ ಹಚ್ಚುವ ಅಜ್ಜ ಯಾರು ಅಂತ ಅವರಿಗೂ ಗೊತ್ತಿಲ್ಲ. ಸ್ಟಿಲ್ ಹಾಕಿದ್ದೇನೆ, ಗಾಂಧಿ ಬಜಾರಿನ ಹಳಬರು ಯಾರಾದರೂ ಗುರುತಿಸಿದರೆ ಹೇಳಿ.

ಸಾಗರದ ಅಕ್ಕ, ಜೋಗದ ರೀಲಿನಲ್ಲಿ ಹೋಗುವ ದಾರಿಯನ್ನೂ ಬಸ್ಸಿನ ಕಿಟಕಿಯಿಂದ ತೆಗೆದಿದ್ದಾರೆ. ಮನೆಗಳು, ಗದ್ದೆ, ಗದ್ದೆಯಲ್ಲಿ ಜನ ಕಾಣುತ್ತಾರೆ. ನಿಮ್ಮ ತಂದೆಯವರಿಗೆ ಕಳಿಸಲಾ?

ಸಾಗರದವಳು:

ಕಳಿಸಿ. ನಿಧಾನ ಮಾಡಿ ಓಡಿಸುವ ಹಾಗೆ ಕಳಿಸಿ, ಅಪ್ಪನಿಗೆ ಕಣ್ಣು ಸ್ವಲ್ಪ ಮಂಜು. ನಾನೂ ರೆಕಾರ್ಡರ್ ಇಟ್ಟುಕೊಂಡು ಕೂರುತ್ತೇನೆ.